ಬೆಕ್ಕು ಕೇಳಿದ್ದೆಲ್ಲ ಕೊಡಬೇಕೆ?

ನಾವು ಊಟಕ್ಕೆ ಕೂತರೆ ಸಾಕು, ನಮ್ಮ ಪುಟ್ಟಿ "ಮ್ಯಾಂವ್" ಅಂತ ತಟ್ಟೆ ಪಕ್ಕದಲ್ಲಿ ಹಾಜರು. ಪಾಪ ಅಂತ ನಾನೇ ದಿನಾ ಮೀನು ಸಾರು ಕಲಸಿದ ಅನ್ನ ಹಾಕುತ್ತಿದ್ದೆ. ಕಳೆದ ತಿಂಗಳು ಅದು ಊಟ ಬಿಟ್ಟು ಒಲೆ ಮೂಲೆಯಲ್ಲಿ ಮಲಗಿಬಿಟ್ಟಿತು. ದನದ ಡಾಕ್ಟರು ಬಾಯಿ ಬಿಡಿಸಿ ನೋಡಿದರು. ವಸಡು ಬಿಳಿಚಿಕೊಂಡಿತ್ತು. "ಈರುಳ್ಳಿ ಹಾಕಿದ್ದೇನಾದರೂ ತಿಂತಾ?" ಅಂತ ಕೇಳಿದರು. ನನ್ನ ಎದೆ ಧಸಕ್ಕೆಂದಿತು.

ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ, ಬೆಂದಿರಲಿ, ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಚಾಕೊಲೇಟ್, ದ್ರಾಕ್ಷಿಯೂ ಅಪಾಯ. ಬೆಂದ ಮೂಳೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಕೂಡ ಅರಗದೆ ಭೇದಿಯಾಗುತ್ತದೆ. ಇನ್ನೊಂದು ವಿಷಯ, ಬೆಕ್ಕಿಗೆ ಸಿಹಿ ರುಚಿಯೇ ತಿಳಿಯುವುದಿಲ್ಲ! ಆದರೂ ಪಾಯಸದ ಬಟ್ಟಲು ನೆಕ್ಕಲು ಬರುತ್ತದೆ.

ಆಸೆಪಟ್ಟಿದ್ದೆಲ್ಲ ಒಳ್ಳೆಯದಲ್ಲ. ಪುಟ್ಟ ತಮ್ಮ ಮಣ್ಣು ಬೇಕು ಅಂತ ಅತ್ತರೆ ಕೊಡ್ತೀವಾ? ಹಾಗಾದರೆ ಬೆಕ್ಕಿಗೆ ಯಾಕೆ ಕೊಡಬೇಕು?

ಗೆಳೆಯರೇ, ಮಸಾಲೆ ಹಾಕುವ ಮೊದಲೇ ಒಂದು ತುಂಡು ಮೀನು ಬರೀ ನೀರಲ್ಲಿ ಬೇಯಿಸಿ, ಮುಳ್ಳು ತೆಗೆದು ಬೆಕ್ಕಿಗೆ ಎತ್ತಿಡಿ. ನನ್ನ ಪ್ರಕಾರ ಅದೇ ನಿಜವಾದ ಪ್ರೀತಿ.

ಪುಟ್ಟಿ ಈಗ ಹುಷಾರಾಗಿದೆ. ಈಗಲೂ ಸಾರು ಕೇಳುತ್ತೆ. ನಾನು ಮಾತ್ರ ಕೊಡಲ್ಲ.

— 9ನೇ ತರಗತಿ ವಿದ್ಯಾರ್ಥಿನಿ