ಗುರುಗಳ ದುಡಿಮೆ ಭಾನುವಾರಕ್ಕೆ ಮುಗಿಯುವುದಿಲ್ಲ

ಚರ್ಚಿನ ಧರ್ಮಗುರುಗಳಿಗೆ ಭಾನುವಾರದ ಒಂದು ಗಂಟೆ ಬಿಟ್ಟರೆ ಕೆಲಸವೇನಿದೆ ಎಂದು ಕೇಳಿದ ಲೇಖನ ಓದಿ ನೋವಾಯಿತು. ಕರಾವಳಿಯ ಹಳ್ಳಿ ಚರ್ಚಿನ ನೆರಳಲ್ಲೇ ಬೆಳೆದ ನಾನು ಈ ಮಾತನ್ನು ಒಪ್ಪಲಾರೆ.

ಪೂಜೆ ವಾರಕ್ಕೊಮ್ಮೆ ಮಾತ್ರವಲ್ಲ, ದಿನವೂ ಇರುತ್ತದೆ. ಹೊತ್ತುಹೊತ್ತಿನ ಪ್ರಾರ್ಥನೆಯೂ ಗುರುಗಳಿಗೆ ಕಡ್ಡಾಯ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 529ನೇ ವಿಧಿಯಂತೆ ಅವರು ಮನೆಗಳಿಗೆ ಭೇಟಿ ಕೊಡಬೇಕು, ರೋಗಿಗಳನ್ನೂ ಸಾವಿನಂಚಿನಲ್ಲಿರುವವರನ್ನೂ ಸಂತೈಸಬೇಕು, ಬಡವರನ್ನು, ಒಂಟಿಯಾದವರನ್ನು ಹುಡುಕಿಕೊಂಡು ಹೋಗಬೇಕು. ದೀಕ್ಷಾಸ್ನಾನ, ಮದುವೆ, ಮರಣದ ದಾಖಲೆ ಪುಸ್ತಕಗಳ ಹೊಣೆಯೂ ಅವರದೇ.

ನನ್ನ ಅಜ್ಜಿಯ ಕೊನೆಯ ರಾತ್ರಿ ಜಡಿಮಳೆ ಸುರಿಯುತ್ತಿತ್ತು. ನಾವು ಫೋನ್ ಮಾಡಿದಾಗ ಎರಡು ಗಂಟೆ. ಫಾದರ್ ಸ್ಕೂಟರನ್ನು ತೋಡಿನಾಚೆ ನಿಲ್ಲಿಸಿ, ಅಡಿಕೆ ಮರದ ಸಂಕ ದಾಟಿ ಬಂದರು. ಮೈಯೆಲ್ಲ ತೊಯ್ದಿತ್ತು, ಎದೆಗೆ ಅವಚಿಕೊಂಡಿದ್ದ ಪರಮಪ್ರಸಾದದ ಪುಟ್ಟ ಡಬ್ಬಿಗೆ ಮಾತ್ರ ಹನಿ ನೀರು ತಾಗಿರಲಿಲ್ಲ. ಅಜ್ಜಿಯ ಹಣೆಗೂ ಅಂಗೈಗೂ ತೈಲ ಹಚ್ಚಿ, ಉಸಿರು ನಿಲ್ಲುವವರೆಗೆ ಕೈ ಹಿಡಿದು ಕೂತರು. ಬೆಳಿಗ್ಗೆ ಆರೂವರೆಯ ಪೂಜೆಗೂ ಅವರೇ ನಿಂತಿದ್ದರು.

ಚರ್ಚಿನ ಲೆಕ್ಕಪತ್ರ ಕೇಳುವುದು ತಪ್ಪಲ್ಲ, ಖಂಡಿತ ಕೇಳಬೇಕು. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 537ನೇ ವಿಧಿಯೇ ಹೇಳುತ್ತದೆ. ಆದರೆ ಕಣ್ಣಿಗೆ ಬೀಳದ ದುಡಿಮೆಯನ್ನು ಇಲ್ಲವೇ ಇಲ್ಲ ಎನ್ನುವುದು ಅನ್ಯಾಯ. ಬರೆಯುವ ಮೊದಲು ಲೇಖಕರು ಒಂದು ವಾರ ಯಾವುದಾದರೂ ಹಳ್ಳಿಯ ಗುರುಗಳ ಜೊತೆ ಓಡಾಡಲಿ.