ತಪ್ಪು ಲ್ಯಾಟಿನ್, ಸರಿ ಫ್ರೆಂಚ್

‘ಆಡುಮಾತಲ್ಲಿ ಬರೆದ್ರೆ ಭಾಷೆ ಕೆಡುತ್ತೆ’ ಅನ್ನೋ ಮಾತು ನಮ್ಮ ಸಂಘದಲ್ಲೂ ಆಗಾಗ ಬರುತ್ತೆ. ನಾವು ಇದನ್ನ ಒಪ್ಪೋದಿಲ್ಲ. ಲ್ಯಾಟಿನ್‌ನ ಒಂದು ಕ್ರಿಯಾಪದವನ್ನೇ ನೋಡಿ.

ಶಿಷ್ಟ ಲ್ಯಾಟಿನ್‌ನಲ್ಲಿ ‘ತಿನ್ನು’ ಅನ್ನೋದಕ್ಕೆ ‘ಎದೆರೆ’. ‘ಏಸ್ತ್’ ಅಂದ್ರೆ ತಿನ್ನುತ್ತಾನೆ, ‘ಎಸ್ತ್’ ಅಂದ್ರೆ ಇದ್ದಾನೆ. ಜನರ ಬಾಯಲ್ಲಿ ಹ್ರಸ್ವ-ದೀರ್ಘದ ಭೇದ ಅಳಿದ ಮೇಲೆ ಇಂಥ ಗೊಂದಲದ ಪದ ಬಾಳಲಿಲ್ಲ. ಸ್ಪೇನ್ ಕಡೆಯವರು ‘ಕೊಮ್’ ಸೇರಿಸಿದ ‘ಕೊಮೆದೆರೆ’ ಹಿಡಿದರು. ಅದು ಸವೆದು ‘ಕೊಮೇರ್’ ಆಯ್ತು. ತಮಾಷೆ ಅಂದ್ರೆ, ಅದರಲ್ಲಿ ಮೂಲ ಧಾತುವೇ ಮಾಯ! ಉಳಿದಿರೋದು ಉಪಸರ್ಗ, ಪ್ರತ್ಯಯ ಮಾತ್ರ.

ಬೇರೆ ಕಡೆ ‘ಮಂದೂಕಾರೆ’ ಗೆದ್ದಿತು. ಅದರ ಮೂಲ ಅರ್ಥ ‘ಅಗಿ’. ನಾವು ಮೆಸ್‌ಗೆ ಹೊರಟಾಗ ‘ಮೇಯೋಕೆ ಹೋಗೋಣ’ ಅಂತೀವಲ್ಲ, ಹಾಗೆ. ಚಕ್ರವರ್ತಿ ಅಗಸ್ಟಸ್ ಕೂಡ ಒಂದು ಪತ್ರದಲ್ಲಿ ಎರಡು ತುತ್ತು ತಿಂದೆ ಅನ್ನೋದಕ್ಕೆ ಇದೇ ಪದ ಬಳಸಿದ್ದನ್ನ ಸ್ವೆಟೋನಿಯಸ್ ದಾಖಲಿಸಿದ್ದಾನೆ. ಇದೇ ಫ್ರೆಂಚಿನ ‘ಮಾಂಜೆ’, ಇಟಾಲಿಯನ್ನಿನ ‘ಮಂಜಾರೆ’, ರೊಮೇನಿಯನ್ನಿನ ‘ಮಿಂಕಾ’.

ಇವತ್ತು ಪ್ಯಾರಿಸ್‌ನಲ್ಲಿ ‘ಮಾಂಜೆ’ಯನ್ನ ಯಾರೂ ಕೆಟ್ಟ ಲ್ಯಾಟಿನ್ ಅನ್ನಲ್ಲ. ನಮ್ಮಲ್ಲೂ ಹಳೆಗನ್ನಡದ ‘ಪಾಲ್’ ಹೋಗಿ ‘ಹಾಲು’ ಬಂತು. ಯಾರಿಗೂ ಅದು ಕೆಟ್ಟ ಕನ್ನಡ ಅನ್ನಿಸಲ್ಲ.

ಪರೀಕ್ಷೆಯ ಉತ್ತರಕ್ಕೆ ಶಿಷ್ಟ ರೂಪ ಇರಲಿ, ಬೇಡ ಅನ್ನಲ್ಲ. ಆದ್ರೆ ಕಲಬುರಗಿಯವರೋ ಮಂಡ್ಯದವರೋ ತಮ್ಮ ಮಾತಲ್ಲಿ ಬರೆದದ್ದನ್ನ ‘ತಪ್ಪು’ ಅಂತ ಕೆಂಪು ಗೆರೆ ಎಳೆಯೋದು ಬೇಡ. ಹಾಗೆ ಎಳೆದ್ರೆ ಅವರು ಮುಂದಿನ ಸಲ ಬರೆಯೋದೇ ಇಲ್ಲ. ನಿಮ್ಮೂರಿನ ಕನ್ನಡದಲ್ಲೇ ಬರೆದು ಕಳಿಸಿ. ಹಾಗೇ ಹಾಕೋಣ.