ಲೆಸ್ಟರಿನಲ್ಲಿ ಒಂದು ಹಗಲು: ‘ಪ್ರವಾಸ’ ಶಬ್ದದ ಎರಡು ಅರ್ಥಗಳು

‘ಪ್ರವಾಸ’ ಎಂದರೆ ಇಂದಿನ ಕನ್ನಡದಲ್ಲಿ ಊರು ನೋಡಿ ಬರುವುದು. ಆದರೆ ಆ ಶಬ್ದದ ಹಳೆಯ ಅರ್ಥ ಮನೆಯಿಂದ ದೂರದಲ್ಲಿ ವಾಸಿಸುವುದು ಎಂದು. ಕಾವ್ಯಮೀಮಾಂಸಕರು ವಿಪ್ರಲಂಭ ಶೃಂಗಾರದ ಪ್ರಭೇದಗಳನ್ನು ಎಣಿಸುವಾಗ ಪೂರ್ವರಾಗ, ಮಾನಗಳ ಜೊತೆಗೆ ಪ್ರವಾಸವನ್ನೂ ಸೇರಿಸಿರುವುದು ಈ ಅರ್ಥದಲ್ಲಿಯೇ. ಒಂದು ಅರ್ಥದಲ್ಲಿ ಸಂತೋಷವಿದೆ, ಇನ್ನೊಂದರಲ್ಲಿ ಅಗಲಿಕೆಯಿದೆ. ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ಲೆಸ್ಟರ್ ನಗರವನ್ನು ಒಂದು ಹಗಲು ಸುತ್ತುವವರಿಗೆ ಈ ಎರಡೂ ಅರ್ಥಗಳು ಒಟ್ಟಿಗೆ ಎದುರಾಗುತ್ತವೆ. ಮೊದಲನೆಯದನ್ನು ಮಾತ್ರ ಗ್ರಹಿಸಿ ಮರಳುವವರು ಆ ನಗರವನ್ನು ಅರ್ಧ ಮಾತ್ರ ನೋಡಿರುತ್ತಾರೆ.

ಊರು ನೋಡುವ ಹವ್ಯಾಸವು ಒಂದು ಉದ್ಯಮವಾಗಿ ಬೆಳೆದ ಕಥೆಯಲ್ಲಿ ಲೆಸ್ಟರಿಗೆ ಮೊದಲ ಅಧ್ಯಾಯದಲ್ಲಿಯೇ ಸ್ಥಾನವಿದೆ. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಬ್ಯಾಪ್ಟಿಸ್ಟ್ ಪಂಥದ ಬಡಗಿ ಸುಮಾರು 500 ಜನರನ್ನು ತಲಾ ಒಂದು ಶಿಲ್ಲಿಂಗ್ ದರದಲ್ಲಿ ಲೆಸ್ಟರಿನಿಂದ ಲಫ್‌ಬರೋ ಪಟ್ಟಣಕ್ಕೆ ರೈಲಿನಲ್ಲಿ ಕರೆದೊಯ್ದನು. ಅವರು ಹೊರಟಿದ್ದು ಪಾನನಿರೋಧ ಸಭೆಯೊಂದಕ್ಕೆ. ಮದ್ಯವನ್ನು ತ್ಯಜಿಸಬೇಕೆಂದು ಸಾರುವವರಿಗಾಗಿ ಏರ್ಪಟ್ಟ ಈ ಪಯಣದಿಂದಲೇ ಮುಂದೆ ಜಗತ್ಪ್ರಸಿದ್ಧವಾದ ಪ್ರವಾಸಸಂಸ್ಥೆಯೊಂದು ಬೆಳೆಯಿತು. ವ್ರತಕ್ಕೂ ಯಾತ್ರೆಗೂ ಇರುವ ನಂಟನ್ನು ಬಲ್ಲ ಜೈನ ಓದುಗರಿಗೆ ಇದು ತೀರ ಅಪರಿಚಿತವಾಗಿ ತೋರದು. ಲೆಸ್ಟರ್ ರೈಲು ನಿಲ್ದಾಣದ ಹೊರಗೆ ಕುಕ್‌ನ ಪ್ರತಿಮೆ ಇಂದಿಗೂ ಬಂದವರನ್ನು ಎದುರುಗೊಳ್ಳುತ್ತದೆ.

ಕೈಪಿಡಿಗಳು ಹೇಳುವ ಕ್ರಮದಲ್ಲಿಯೇ ನಡೆದರೆ ಬೆಳಗಿನ ಹೊತ್ತು ಹಳೆಯ ನಗರಕ್ಕೆ ಮೀಸಲು. ಸುಮಾರು 9 ಮೀಟರ್ ಎತ್ತರದ ‘ಜ್ಯೂರಿ ವಾಲ್’ ಎಂಬ ಗೋಡೆ ರೋಮನ್ನರ ಸಾರ್ವಜನಿಕ ಸ್ನಾನಗೃಹದ ಅವಶೇಷ. ಮುಂದೆ ಜೆರಿಕೋ ಉತ್ಖನನದಿಂದ ಹೆಸರಾದ ಕ್ಯಾಥ್ಲೀನ್ ಕೆನ್ಯನ್ 1930ರ ದಶಕದಲ್ಲಿ ಇಲ್ಲಿ ಅಗೆತ ನಡೆಸಿದರು. ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಮರದ ತೊಲೆಗಳ ಗಿಲ್ಡ್‌ಹಾಲ್, ಅದಕ್ಕೆ ಹೊಂದಿಕೊಂಡಂತೆ ಕೆಥೆಡ್ರಲ್ ಇವೆ. 1485ರಲ್ಲಿ ಬಾಸ್‌ವರ್ತ್ ರಣರಂಗದಲ್ಲಿ ಮಡಿದ ಮೂರನೆಯ ರಿಚರ್ಡನ ದೇಹವನ್ನು ಈ ಊರಿನ ಗ್ರೇಫ್ರಯರ್ಸ್ ಮಠದಲ್ಲಿ ಹೂಳಲಾಗಿತ್ತು. ಮಠ ಅಳಿದ ಮೇಲೆ ಸಮಾಧಿಯ ಗುರುತೂ ಅಳಿಯಿತು. ಅವನ ಎಲುಬುಗಳನ್ನು ಸೋರ್ ನದಿಗೆ ಎಸೆದರೆಂಬ ಐತಿಹ್ಯ ಹುಟ್ಟಿಕೊಂಡಿತು. 2012ರಲ್ಲಿ ವಾಹನ ನಿಲ್ಲಿಸುವ ಅಂಗಳವೊಂದನ್ನು ಅಗೆದಾಗ ಬಾಗಿದ ಬೆನ್ನೆಲುಬಿನ ಅಸ್ಥಿಪಂಜರ ದೊರೆಯಿತು. ರಿಚರ್ಡನ ಸೋದರಿಯ ಹೆಣ್ಣುಸಂತತಿಯವರ ಡಿಎನ್‌ಎ ಜೊತೆ ಹೋಲಿಸಿ 2013ರ ಫೆಬ್ರವರಿಯಲ್ಲಿ ಅದು ರಾಜನದೇ ಎಂದು ಸಾರಲಾಯಿತು. 2015ರ ಮಾರ್ಚಿನಲ್ಲಿ ಕೆಥೆಡ್ರಲ್‌ನೊಳಗೆ ಅವನ ಮರುಸಮಾಧಿ ನಡೆಯಿತು. ಐತಿಹ್ಯವನ್ನು ಸುಳ್ಳಾಗಿಸಿದ ಈ ಶೋಧ ಸಂಶೋಧನೆಯ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಇಲ್ಲಿಯವರೆಗೆ ಕೈಪಿಡಿಯ ಬಗ್ಗೆ ತಕರಾರಿಲ್ಲ. ತಕರಾರು ಹುಟ್ಟುವುದು ಅದರ ವಿಂಗಡಣೆಯಲ್ಲಿ. ರೋಮನ್ ಗೋಡೆಯೂ ರಾಜನ ಸಮಾಧಿಯೂ ‘ಇತಿಹಾಸ’ದ ಪುಟಕ್ಕೆ ಸೇರುತ್ತವೆ. ಭಾರತೀಯರ ಬೀದಿ ‘ಖರೀದಿ ಮತ್ತು ಊಟ’ದ ಪುಟಕ್ಕೆ ಸರಿಯುತ್ತದೆ. ಸತ್ತವರದು ಚರಿತ್ರೆ, ಬದುಕಿರುವವರದು ರುಚಿ ಎಂಬ ಈ ಹಂಚಿಕೆ ನಿರಪಾಯವೆಂದು ತೋರುತ್ತದೆ. ಆದರೆ ಅದು ಒಂದು ಸಮುದಾಯವನ್ನು ಅದು ಮಾರುವ ವಸ್ತುಗಳಿಗೆ ಇಳಿಸಿಬಿಡುತ್ತದೆ. ಲೆಸ್ಟರಿನಲ್ಲಿ ಈ ವಿಂಗಡಣೆ ನಿಲ್ಲುವುದಿಲ್ಲ ಎಂಬುದಕ್ಕೆ ಮೂರು ಆಧಾರಗಳಿವೆ: ಒಂದು ಜಿನಾಲಯ, ಒಂದು ಬೀದಿ, ಒಂದು ಜಾಹೀರಾತು.

ಜಿನಾಲಯವಿರುವುದು ನಗರಕೇಂದ್ರಕ್ಕೆ ಸಮೀಪದ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ. 19ನೆಯ ಶತಮಾನದ ಕಾಂಗ್ರಿಗೇಶನಲ್ ಪಂಥದ ಚರ್ಚೊಂದನ್ನು ಇಲ್ಲಿನ ಜೈನಸಮಾಜ 1979ರಲ್ಲಿ ಕೊಂಡುಕೊಂಡಿತು. 1988ರಲ್ಲಿ ಪ್ರತಿಷ್ಠೆ ನೆರವೇರಿತು. ಹೊರಗೆ ಬಿಳಿಯ ಅಮೃತಶಿಲೆಯ ಮುಖಮಂಟಪ, ಒಳಗೆ ಕೆತ್ತನೆಯ ಕಂಬಗಳು. ಚರ್ಚುಗಳಲ್ಲಿ ಸಂತರ ಕಥೆಗಳನ್ನು ಹೇಳುವ ಬಣ್ಣದ ಗಾಜಿನ ಕಿಟಕಿಗಳು ಇಲ್ಲಿ ಮಹಾವೀರಸ್ವಾಮಿಯ ಜೀವನವನ್ನು ಹೇಳುತ್ತವೆ. ಕಲಾಮಾಧ್ಯಮ ಇಂಗ್ಲೆಂಡಿನದು, ಕಥಾವಸ್ತು ಭಾರತದ್ದು. ಶ್ವೇತಾಂಬರ ದೇರಾಸರ, ದಿಗಂಬರ ಮಂದಿರ, ಸ್ಥಾನಕವಾಸಿ ಉಪಾಶ್ರಯ, ಶ್ರೀಮದ್ ರಾಜಚಂದ್ರರ ಹೆಸರಿನ ಜ್ಞಾನಮಂದಿರ ಇವೆಲ್ಲ ಒಂದೇ ಸೂರಿನಡಿಯಲ್ಲಿರುವುದು ಇನ್ನೂ ಹೆಚ್ಚು ಗಮನಾರ್ಹ. ತಾಯ್ನಾಡಿನಲ್ಲಿ ಕ್ಷೇತ್ರಗಳ ಒಡೆತನಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದ ಪಂಥಗಳು ಪರದೇಶದಲ್ಲಿ ಒಂದೇ ಬಾಗಿಲಿನಿಂದ ಒಳಹೋಗುತ್ತವೆ. ಅನೇಕಾಂತದ ವ್ಯಾಖ್ಯಾನ ಗ್ರಂಥಗಳಲ್ಲಿ ವಿಪುಲವಾಗಿದೆ. ಆಚರಣೆಗೆ ಇಂಥ ನಿದರ್ಶನಗಳು ವಿರಳ.

ಒಂದು ಧರ್ಮದ ಆಲಯ ಇನ್ನೊಂದರದಾಗುವುದು ಕರ್ನಾಟಕದ ಇತಿಹಾಸಕ್ಕೂ ಹೊಸತಲ್ಲ. ಹಲವು ಬಸದಿಗಳು ಅನ್ಯಮತದ ಗುಡಿಗಳಾದುದು ವಿದ್ವಾಂಸರಿಗೆ ತಿಳಿದ ವಿಷಯ, ಹಲವೆಡೆ ಅದು ನೋವಿನ ವಿಷಯ ಕೂಡ. ಲೆಸ್ಟರಿನಲ್ಲಿ ನಡೆದುದು ಬೇರೆ ಬಗೆಯದು. ಬೆಲೆ ತೆತ್ತು ಕೊಂಡ ಕಟ್ಟಡವಾದ್ದರಿಂದ ಅಲ್ಲಿ ಯಾರ ದೇವರನ್ನೂ ಬಲಾತ್ಕಾರದಿಂದ ಹೊರಹಾಕಿರಲಿಲ್ಲ.

ಎರಡನೆಯ ಆಧಾರ ಬೆಲ್‌ಗ್ರೇವ್ ರೋಡ್. ನಗರಕೇಂದ್ರದ ಈಶಾನ್ಯಕ್ಕಿರುವ ಈ ಬೀದಿಗೆ ‘ಗೋಲ್ಡನ್ ಮೈಲ್’ ಎಂಬ ರೂಢಿಯ ಹೆಸರಿದೆ. ಸೀರೆ, ಚಿನ್ನ, ಮಿಠಾಯಿ, ಪೂಜಾಸಾಮಗ್ರಿಯ ಅಂಗಡಿಗಳು ಇಲ್ಲಿ ಸಾಲಾಗಿವೆ. ದೀಪಾವಳಿಯಲ್ಲಿ ಬೀದಿಯುದ್ದಕ್ಕೂ ದೀಪಗಳನ್ನು ಹಚ್ಚುವ ಉತ್ಸವ 1980ರ ದಶಕದಿಂದ ನಡೆದುಬಂದಿದ್ದು ಭಾರತದ ಹೊರಗಿನ ಅತಿ ದೊಡ್ಡ ದೀಪಾವಳಿ ಆಚರಣೆಗಳಲ್ಲಿ ಒಂದೆನಿಸಿದೆ. ಲೆಸ್ಟರ್ ಮೊದಲಿನಿಂದಲೂ ಬಟ್ಟೆಯ ಊರು. ಕಾಲುಚೀಲ ಮತ್ತು ಹೆಣಿಗೆ ಉಡುಪುಗಳ ಕಾರ್ಖಾನೆಗಳೇ ಅದಕ್ಕೆ ಸಂಪತ್ತನ್ನು ತಂದವು. ವಲಸೆ ಬಂದವರಿಗೆ ಕೆಲಸ ಸಿಕ್ಕಿದ್ದೂ ಬಹುಮಟ್ಟಿಗೆ ಅಂಥ ಕಾರ್ಖಾನೆಗಳಲ್ಲಿಯೇ. ಆದುದರಿಂದ ಇಲ್ಲಿ ಸೀರೆ ಕೊಳ್ಳುವವರು ನಗರದ ಹಳೆಯ ಕಸುಬಿನ ಮುಂದಿನ ಪುಟವನ್ನು ತೆರೆದಂತೆಯೇ.

ಊಟದ ವಿಷಯದಲ್ಲಿ ಈ ಸಂಬಂಧ ಇನ್ನೂ ಸ್ಪಷ್ಟ. ಲೆಸ್ಟರ್ ಪ್ರಾಂತ್ಯದ ಪ್ರಖ್ಯಾತ ತಿನಿಸುಗಳೆಂದರೆ ಮೆಲ್ಟನ್ ಮೌಬ್ರೆಯ ಹಂದಿಮಾಂಸದ ಪೈ, ಸ್ಟಿಲ್ಟನ್ ಮತ್ತು ಕೆಂಪು ಲೆಸ್ಟರ್ ಚೀಸ್. ಪೈ ಇರಲಿ, ಚೀಸನ್ನು ಕೂಡ ವಿಚಾರಿಸಿಯೇ ತಿನ್ನಬೇಕು; ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್ ಸಾಂಪ್ರದಾಯಿಕವಾಗಿ ಎಳೆಗರುವಿನ ಜಠರದಿಂದ ಬರುವಂಥದು. ಇದೇ ಊರಿನ ಹೆನ್ರಿ ವಾಕರನ ಮಾಂಸದಂಗಡಿ ಯುದ್ಧಾನಂತರದ ಮಾಂಸದ ಪಡಿತರದಿಂದ ಸೊರಗಿದಾಗ, 1948ರಲ್ಲಿ ಆಲೂಗಡ್ಡೆಯ ಚಿಪ್ಸ್ ತಯಾರಿಕೆಗೆ ತಿರುಗಿತು. ಅದೇ ಮುಂದೆ ದೇಶದ ಹೆಸರಾಂತ ಚಿಪ್ಸ್ ಉದ್ಯಮವಾಯಿತು. ಮಾಂಸದಿಂದ ತರಕಾರಿಗೆ ಬಂದರೂ ಅದು ಗಡ್ಡೆಯೇ ಆದುದರಿಂದ ನಿಷ್ಠ ಶ್ರಾವಕರಿಗೆ ಪ್ರಯೋಜನವಾಗಲಿಲ್ಲ!

ಇಂಥ ಊರಿನಲ್ಲಿ 1976ರಿಂದಲೂ ಸಂಪೂರ್ಣ ಸಸ್ಯಾಹಾರಿಯಾದ ‘ಬಾಬೀಸ್’ ಭೋಜನಾಲಯ ಬೆಲ್‌ಗ್ರೇವ್ ರೋಡಿನಲ್ಲಿ ನಡೆದುಬಂದಿದೆ. ಈ ಬೀದಿಯ ತಟ್ಟೆಗಳಲ್ಲಿ ಧೋಕಳಾ, ಖಾಂಡ್ವಿ, ಗಾಂಠಿಯಾ, ಜಿಲೇಬಿಗಳ ಪಕ್ಕದಲ್ಲಿ ‘ಮೊಗೊ’ ಎಂಬ ಕರಿದ ಮರಗೆಣಸೂ ಕಾಣಿಸುತ್ತದೆ. ಅದು ಗುಜರಾತಿನದಲ್ಲ, ಪೂರ್ವ ಆಫ್ರಿಕಾದಿಂದ ಬಂದದ್ದು. ಗುಜರಾತಿನಿಂದ ಕೆನ್ಯಾ, ಉಗಾಂಡಾಗಳಿಗೆ, ಅಲ್ಲಿಂದ ಇಂಗ್ಲೆಂಡಿಗೆ ಎಂಬ ಎರಡು ವಲಸೆಗಳ ಕಥೆ ಆ ಒಂದು ತಿನಿಸಿನಲ್ಲಿದೆ. ಕೈಪಿಡಿಯ ‘ಊಟ’ದ ಪುಟ ಇದನ್ನು ರುಚಿಯೆಂದು ಮಾತ್ರ ಹೇಳಿ ಮುಗಿಸುತ್ತದೆ.

ಮೂರನೆಯ ಆಧಾರವನ್ನು ನೋಡಲು ಯಾವ ಬೀದಿಗೂ ಹೋಗಬೇಕಾಗಿಲ್ಲ, ಹಳೆಯ ಪತ್ರಿಕೆಯನ್ನು ತೆರೆದರೆ ಸಾಕು. 1972ರ ಆಗಸ್ಟಿನಲ್ಲಿ ಉಗಾಂಡಾದ ಇದಿ ಅಮೀನ್ ಏಷ್ಯನ್ನರು 90 ದಿನಗಳೊಳಗೆ ದೇಶ ಬಿಡಬೇಕೆಂದು ಆಜ್ಞಾಪಿಸಿದನು. ಒಂದು ಕುಟುಂಬ ಒಯ್ಯಬಹುದಾಗಿದ್ದ ಹಣ ಸುಮಾರು 50 ಪೌಂಡ್. ಅದೇ ಸೆಪ್ಟೆಂಬರಿನಲ್ಲಿ ಲೆಸ್ಟರಿನ ನಗರಸಭೆ ‘ಉಗಾಂಡಾ ಆರ್ಗಸ್’ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ನಗರದಲ್ಲಿ ಮನೆಗಳಿಲ್ಲ, ಶಾಲೆಗಳು ತುಂಬಿವೆ, ನಿಮ್ಮ ಹಿತಕ್ಕಾಗಿಯೇ ಲೆಸ್ಟರಿಗೆ ಬರಬೇಡಿ ಎಂಬುದು ಅದರ ತಾತ್ಪರ್ಯ. ಆದರೂ ಸಾವಿರಾರು ಜನ ಬಂದರು. ಇಂದು ಅದೇ ನಗರ ಪ್ರವಾಸಿಗರಿಗೆ ತೋರಿಸುವ ಆಕರ್ಷಣೆಗಳಲ್ಲಿ ಅವರ ಬೀದಿಯೂ ಇದೆ.

ಆಳುವವರು ಅಲ್ಪಸಂಖ್ಯಾತರನ್ನು ಕುರಿತು ಬರೆಯಿಸಿದ ಇನ್ನೊಂದು ಪಠ್ಯವನ್ನು ಇದರ ಪಕ್ಕದಲ್ಲಿಟ್ಟು ಓದುವುದು ಉಪಯುಕ್ತ. ಅದು ಶ್ರವಣಬೆಳಗೊಳದಲ್ಲಿರುವ 1368ರ ಬುಕ್ಕರಾಯನ ಶಾಸನ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಜೈನರಿಗೆ ವಾದ್ಯ ಕಲಶಗಳ ಹಕ್ಕು ಹಿಂದಿನಂತೆಯೇ ಸಲ್ಲುವುದೆಂದು ತೀರ್ಪಿತ್ತನು. ಜೈನರಿಗಾದ ಹಾನಿಯನ್ನು ತಮ್ಮ ಹಾನಿಯೆಂದೇ ವೈಷ್ಣವರು ತಿಳಿಯಬೇಕೆಂದು ವಿಧಿಸಿದನು. ಜೈನರ ಮನೆಗಳಿಂದ ವರ್ಷಕ್ಕೊಂದು ಹಣ ಸಂಗ್ರಹಿಸಿ ಬೆಳಗೊಳದ ಕಾವಲಿಗೂ ಜಿನಾಲಯಗಳ ಜೀರ್ಣೋದ್ಧಾರಕ್ಕೂ ವಿನಿಯೋಗಿಸುವ ಹೊಣೆ ತಿರುಮಲೆಯ ತಾತಯ್ಯನಿಗೆ ಸೇರಿತು. ಕಾಲ, ದೇಶ, ಆಡಳಿತಕ್ರಮಗಳೆಲ್ಲ ಬೇರೆಯಾದುದರಿಂದ ಎರಡನ್ನೂ ಸಮನಾಗಿ ತೂಗುವುದು ಸಲ್ಲದು. ಬುಕ್ಕರಾಯನ ಮುಂದಿದ್ದವರು ನೆಲದ ನಿವಾಸಿಗಳು, ಲೆಸ್ಟರಿನ ಮುಂದಿದ್ದವರು ಇನ್ನೂ ಬಾರದವರು. ಆದರೂ ಒಂದು ಪ್ರಶ್ನೆ ಎರಡಕ್ಕೂ ಸಮಾನ: ದುರ್ಬಲರ ಕಷ್ಟ ನೆರೆಯವರ ಹೊಣೆಯೇ, ಅಲ್ಲವೇ? ಶಾಸನ ಹೌದೆಂದಿತು, ಜಾಹೀರಾತು ಅಲ್ಲವೆಂದಿತು. ಜಾಹೀರಾತಿನ ಉತ್ತರವನ್ನು ಲೆಸ್ಟರಿನ ಜನರೇ, ಬಂದವರೂ ಇದ್ದವರೂ ಸೇರಿ, ಬದುಕಿನಲ್ಲಿ ತಿದ್ದಿದರು.

ಆ ತಿದ್ದುಪಡಿ ಸುಲಭವಾಗಿ ಆಗಲಿಲ್ಲ, ಪೂರ್ಣವಾಗಿಯೂ ಇಲ್ಲ. 1974ರಲ್ಲಿ ಇಲ್ಲಿನ ಟೈಪ್‌ರೈಟರ್ ಕಾರ್ಖಾನೆಯ ಏಷ್ಯನ್ ಕಾರ್ಮಿಕರು ತಾರತಮ್ಯದ ವಿರುದ್ಧ ಮುಷ್ಕರ ಹೂಡಬೇಕಾಯಿತು. 2021ರ ಜನಗಣತಿಯಂತೆ ನಗರದ ಸುಮಾರು 43 ಪ್ರತಿಶತ ಜನ ಏಷ್ಯನ್ ಮೂಲದವರು. 2022ರಲ್ಲಿ ಅವರಲ್ಲಿಯೇ ಹಿಂದೂ ಮುಸ್ಲಿಂ ಯುವಕರ ನಡುವೆ ಕಲಹ ನಡೆದು ಊರು ತಲ್ಲಣಿಸಿತು. ನೆರೆಯವರ ಹೊಣೆಯ ಪ್ರಶ್ನೆ ಈಗ ವಲಸಿಗರ ಮುಂದೆಯೂ ಇದೆ.

ಕನ್ನಡದ ಪ್ರವಾಸಸಾಹಿತ್ಯದಲ್ಲಿ ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’ಗಳಂಥ ಕೃತಿಗಳಿವೆ. ಇಂದು ಇಂಗ್ಲೆಂಡಿಗೆ ಹೋಗಿಬರುವ ಕನ್ನಡಿಗರ ಸಂಖ್ಯೆ ಬಹಳ ಹೆಚ್ಚಿದೆ, ಬರೆಹವೂ ಹೆಚ್ಚಿದೆ. ಆದರೆ ಸಸ್ಯಾಹಾರ ಸಿಕ್ಕಿದ ಸಂತೋಷವನ್ನೂ ಅಂಗಡಿಯ ಬೆಲೆಗಳನ್ನೂ ದಾಖಲಿಸುವ ಲೇಖನಿ, ಆ ಊಟವನ್ನು ಅಲ್ಲಿಗೆ ತಂದವರು ಯಾರು, ಏನನ್ನು ಬಿಟ್ಟು ಬಂದರು ಎಂದು ವಿಚಾರಿಸುವುದು ಕಡಮೆ. ಪ್ರವಾಸಕಥನವನ್ನು ಅಧ್ಯಯನಕ್ಕೆ ಎತ್ತಿಕೊಳ್ಳುವ ವಿದ್ಯಾರ್ಥಿಗಳು ಪ್ರತಿಯೊಂದು ಕೃತಿಗೂ ಕೇಳಬೇಕಾದ ಪ್ರಶ್ನೆ ಇದೇ: ನೋಡಲು ಹೋದ ಪ್ರವಾಸಿಯು ಅಲ್ಲಿ ನೆಲೆಸಿದ ಪ್ರವಾಸಿಯನ್ನು ಕಂಡನೇ? ಲೆಸ್ಟರಿನಲ್ಲಿ ಅದಕ್ಕಾಗಿ ಬೇರೊಂದು ದಿನ ಬೇಕಾಗಿಲ್ಲ. ರಾಜನ ಸಮಾಧಿಯಿಂದ ಜಿನಾಲಯಕ್ಕೆ, ಅಲ್ಲಿಂದ ಬೆಲ್‌ಗ್ರೇವ್ ರೋಡಿಗೆ ನಡೆಯುವ ಅದೇ ಹಗಲು ಸಾಕು. ಕೈಪಿಡಿಯ ಎರಡು ಪುಟಗಳನ್ನು ಒಂದಾಗಿ ಓದಿದರಾಯಿತು.